ಹಳ್ಳಿಯವರ ಹೆಸರು ಹೇಳಿ ತಪ್ಪಿಸಿಕೊಳ್ಳಬೇಡಿ: ಹೊರದೇಶದಲ್ಲಿ ಆದ ಸಲಿಂಗ ಮದುವೆಗೆ ಇಲ್ಲೂ ಬೆಲೆ ಕೊಡಿ

2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟ ಒಂದು ಮಾತು ನಮ್ಮ ಬಗ್ಗೆ ಇದೆ. ಬೀರೂರು, ಕಡೂರು, ತರೀಕೆರೆ, ಅಜ್ಜಂಪುರದ ಹೆಸರು ಅದರಲ್ಲಿಲ್ಲ. ಆದರೆ ನಮ್ಮಂಥವರ ಹೆಸರು ಹೇಳಿಕೊಂಡೇ ಆ ಮಾತು ಆಡಿದ್ದು. ಗಂಡು ಗಂಡನ್ನ, ಹೆಣ್ಣು ಹೆಣ್ಣನ್ನ ಮದುವೆಯಾದರೆ ಕಾನೂನು ಅದನ್ನ ಒಪ್ಪಬೇಕು ಅಂತ ಕೋರ್ಟಿಗೆ ಹೋದವರದ್ದು ಪಟ್ಟಣದ ಮೇಲ್ವರ್ಗದವರ ವಿಚಾರ ಅಂದಿತು ಸರ್ಕಾರ. ಇಂಥ ವಿಷಯದಲ್ಲಿ ಹಳ್ಳಿ, ಅರೆಪಟ್ಟಣ, ಪಟ್ಟಣ ಎಲ್ಲರ ದನಿಯೂ ಲೆಕ್ಕಕ್ಕೆ ಬರಬೇಕು, ಆದ್ದರಿಂದ ಇದನ್ನ ಶಾಸನಸಭೆಗೆ ಬಿಡಿ ಅಂದಿತು.

ಒಳ್ಳೆಯದು. ಹಳ್ಳಿಯ ದನಿ ಕೇಳಬೇಕು ಅಂದಿದ್ದೀರಿ. ಕೇಳಿ, ಹೇಳ್ತೀವಿ.

ಅದಕ್ಕೆ ಮುಂಚೆ ಒಂದು ಲೆಕ್ಕ. ಕೇಂದ್ರ ಎಲ್ಲಾ ರಾಜ್ಯಗಳಿಗೂ ಪತ್ರ ಬರೆದು ಅಭಿಪ್ರಾಯ ಕೇಳಿತ್ತು. ಏಳು ರಾಜ್ಯಗಳಿಂದ ಮಾತ್ರ ಉತ್ತರ ಬಂದಿದೆ ಅಂತ 2023ರ ಮೇ 10ರಂದು ಕೋರ್ಟಿಗೆ ತಿಳಿಸಿತು. ಆ ಏಳರಲ್ಲಿ ಕರ್ನಾಟಕ ಇರಲಿಲ್ಲ. ಅದೇ ಮೇ 10ರಂದು ನಾವೆಲ್ಲ ವಿಧಾನಸಭೆ ಚುನಾವಣೆಗೆ ಬೂತಿನ ಮುಂದೆ ಸಾಲು ನಿಂತಿದ್ದೆವು. ಬೆರಳಿಗೆ ಶಾಯಿ ಹಚ್ಚಿದರು. ಈ ಪ್ರಶ್ನೆಯನ್ನ ಮಾತ್ರ ಯಾರೂ ಕೇಳಲಿಲ್ಲ. ನಿಮ್ಮ ಊರಿನ ಗ್ರಾಮಸಭೆಯಲ್ಲಿ ಇದು ಚರ್ಚೆಗೆ ಬಂದದ್ದು ನಿಮಗೆ ನೆನಪಿದೆಯಾ? ನಮ್ಮನ್ನ ಕೇಳದೆ ನಮ್ಮನ್ನೇ ಗುರಾಣಿ ಮಾಡಿಕೊಂಡರೆ ಹೇಗೆ?

ಈ ದೊಡ್ಡ ಪ್ರಶ್ನೆಯ ಒಂದು ತುಂಡನ್ನ ಇಲ್ಲಿ ಎತ್ತಿಕೊಳ್ತೀವಿ. ಹೊರದೇಶದಲ್ಲಿರೋ ನಮ್ಮ ಪ್ರಜೆಗಳು ಅಲ್ಲಿನ ಕಾನೂನಿನ ಪ್ರಕಾರ ಸಲಿಂಗ ಮದುವೆ ಆಗಿದ್ದರೆ, ಅಥವಾ ಸಂಗಾತಿಗಳು ಅಂತ ಸರ್ಕಾರಿ ಪುಸ್ತಕದಲ್ಲಿ ಹೆಸರು ಬರೆಸಿದ್ದರೆ, ನಮ್ಮ ಸರ್ಕಾರ ಆ ಕಾಗದಕ್ಕೆ ಬೆಲೆ ಕೊಡಬೇಕು. ಕೊಡದೇ ಇರೋದರಿಂದ ಅನ್ಯಾಯ ಆಗ್ತಿರೋದು ಅಮೆರಿಕದಲ್ಲಿರೋ ಇಬ್ಬರಿಗೆ ಮಾತ್ರ ಅಲ್ಲ. ಊರಲ್ಲಿರೋ ಅವರ ಅಪ್ಪ-ಅಮ್ಮನಿಗೂ ಆಗ್ತಿದೆ. ನಮ್ಮ ಮನೆಯ ಹೆಣ್ಣುಮಕ್ಕಳಿಗೂ ಆಗಬಹುದು.

ಟಿಕೆಟ್ ಇದೆ, ಬೀರೂರಲ್ಲಿ ಇಳಿ ಅಂತಾರೆ

ಬೀರೂರು ಜಂಕ್ಷನ್ ನಮಗೆಲ್ಲ ಗೊತ್ತು. ಒಂದು ಹಳಿ ಹುಬ್ಬಳ್ಳಿ ಕಡೆ, ಇನ್ನೊಂದು ಶಿವಮೊಗ್ಗದ ಕಡೆ. ಬೆಂಗಳೂರಲ್ಲಿ ಶಿವಮೊಗ್ಗಕ್ಕೆ ಅಂತ ಟಿಕೆಟ್ ತಗೊಂಡವನನ್ನ ಬೀರೂರಲ್ಲಿ ಇಳಿಸಿ, ‘ಇಲ್ಲಿಂದಾಚೆ ನಿನ್ನ ಟಿಕೆಟ್ ನಡೆಯಲ್ಲ’ ಅಂದರೆ ಹೇಗಿರುತ್ತೆ? ಹಾಗಿದೆ ಈ ಜನರ ಸ್ಥಿತಿ.

ಹೊರದೇಶದಲ್ಲಿ ಭಾರತೀಯರು ಆಗೋ ಮದುವೆಗಳಿಗಾಗಿಯೇ ನಮ್ಮಲ್ಲಿ ಒಂದು ಕಾಯ್ದೆ ಇದೆ. 1969ರ ವಿದೇಶಿ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ ಭಾರತದ ಪ್ರಜೆ ಆಗಿದ್ದರೆ ಸಾಕು. ನಮ್ಮ ರಾಯಭಾರ ಕಚೇರಿಯ ಅಧಿಕಾರಿಯ ಮುಂದೆಯೇ ಮದುವೆ ಆಗಬಹುದು. ಇಲ್ಲದಿದ್ದರೆ ಆ ದೇಶದ ಕಾನೂನಿನ ಪ್ರಕಾರ ಮದುವೆಯಾಗಿ, ಆಮೇಲೆ ಹೋಗಿ ನೋಂದಣಿ ಮಾಡಿಸಬಹುದು. ಅದಕ್ಕೆ 17ನೇ ಕಲಂ ಇದೆ.

2017ರಲ್ಲಿ ಇಬ್ಬರು ಗಂಡಸರು ಅಮೆರಿಕದ ವಾಷಿಂಗ್ಟನ್‌ನಲ್ಲಿ ಅಲ್ಲಿನ ಕಾನೂನಿನ ಪ್ರಕಾರ ಮದುವೆಯಾದರು. 2020ರಲ್ಲಿ ಈ ಕಾಯ್ದೆ ಹಿಡಿದುಕೊಂಡು ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟ್‌ಗೆ ನೋಂದಣಿಗಾಗಿ ಹೋದರು. ಆಗಲ್ಲ ಅಂದರು. ಯಾಕೆ? ಇಬ್ಬರೂ ಗಂಡಸರು ಅನ್ನೋದು ಬಿಟ್ಟರೆ ಬೇರೆ ಕಾರಣ ಇರಲಿಲ್ಲ. ಅವರು ದೆಹಲಿ ಹೈಕೋರ್ಟಿಗೆ ಹೋದರು. ಮದುವೆ ನೋಂದಣಿ ಆಗದಿದ್ದರಿಂದ ಕೊರೊನಾ ಸಮಯದಲ್ಲಿ ದಂಪತಿಯಾಗಿ ಭಾರತಕ್ಕೆ ಬಂದು ಮನೆಯವರ ಜೊತೆ ಇರೋಕೂ ಆಗುತ್ತಿಲ್ಲ ಅಂತ ಹೇಳಿಕೊಂಡರು. ಆ ಕೊರೊನಾ ವರ್ಷ ನಮಗೂ ನೆನಪಿದೆ. ಹೊರದೇಶದಲ್ಲಿ ಮಗ, ಇಲ್ಲಿ ಮುದಿ ಅಪ್ಪ-ಅಮ್ಮ. ವಿಮಾನ ಯಾವಾಗ ಹಾರುತ್ತೆ ಅಂತ ಟಿವಿ ಮುಂದೆ ಕೂತಿದ್ದ ಮನೆಗಳು ನಮ್ಮ ಕಡೆಯೂ ಇದ್ದವು.

ಇದರ ಇನ್ನೊಂದು ವಿಚಿತ್ರ ನೋಡಿ. ನಮ್ಮ ಕಡೆಯ ಸಾಫ್ಟ್‌ವೇರ್ ಹುಡುಗರು ಅಮೆರಿಕಕ್ಕೆ ಹೋಗೋದು ಎಚ್-1ಬಿ ವೀಸಾದಲ್ಲಿ. ಅವರ ಹೆಂಡತಿ ಅಥವಾ ಗಂಡ ಹೋಗೋದು ಎಚ್-4 ವೀಸಾದಲ್ಲಿ. ಸಲಿಂಗ ಮದುವೆ ಎಲ್ಲಿ ಕಾನೂನೋ ಅಲ್ಲಿ ಮದುವೆಯಾಗಿದ್ದರೆ, ಅಂಥ ಸಂಗಾತಿಗೂ ಅಮೆರಿಕ ಈ ಎಚ್-4 ಕೊಡುತ್ತೆ. ಆ ವೀಸಾದ ಹಾಳೆ ಅಂಟಿರೋದು ಎಲ್ಲಿ? ಅಶೋಕ ಸ್ತಂಭದ ಗುರುತಿರೋ ನಮ್ಮದೇ ಪಾಸ್‌ಪೋರ್ಟಿನೊಳಗೆ. ಅಂದರೆ ನಮ್ಮ ಪ್ರಜೆಗಳಿಬ್ಬರೂ ದಂಪತಿ ಅಂತ ನಮ್ಮ ಪಾಸ್‌ಪೋರ್ಟಿನಲ್ಲೇ ಪರದೇಶದವರು ಬರೆದುಕೊಡ್ತಾರೆ. ಅದೇ ಪಾಸ್‌ಪೋರ್ಟು ಕೊಟ್ಟ ನಮ್ಮ ಸರ್ಕಾರ ಮಾತ್ರ, ನೀವಿಬ್ಬರೂ ಒಬ್ಬರಿಗೊಬ್ಬರು ಏನೂ ಅಲ್ಲ ಅನ್ನುತ್ತೆ.

ಕಡೂರಲ್ಲಿ ರಿಜಿಸ್ಟರ್ ಆದ ಕ್ರಯಪತ್ರ ತರೀಕೆರೆಯಲ್ಲಿ ನಡೆಯಲ್ಲ ಅಂದರೆ ನೀವು ಸುಮ್ಮನಿರ್ತೀರಾ? ತಾಲ್ಲೂಕು ಕಚೇರಿ ಮುಂದೆ ಧರಣಿ ಕೂರ್ತೀರಿ.

ಕೋರ್ಟ್ ಹೇಳಿದ್ದು ಏನು, ಹೇಳದೇ ಇದ್ದದ್ದು ಏನು

‘ಕೋರ್ಟೇ ಬೇಡ ಅಂದಿದೆಯಲ್ಲ, ಮತ್ಯಾಕೆ ಮಾತು?’ ಅಂತ ಕೇಳೋರಿದ್ದಾರೆ. ಕೋರ್ಟ್ ಹಾಗೆ ಅನ್ನಲಿಲ್ಲ.

ಸುಪ್ರಿಯೋ ಪ್ರಕರಣ ಅಂತ ಕರೆಯೋ ಈ ಕೇಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಅರ್ಜಿಗಳಿದ್ದವು. ಬೆಂಗಳೂರಿನ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಕೂಡ ಅರ್ಜಿದಾರರಲ್ಲಿ ಒಬ್ಬರು. ವಿದೇಶಿ ವಿವಾಹ ಕಾಯ್ದೆಯ ಅರ್ಜಿಗಳೂ ಇದರ ಜೊತೆಗೇ ಸೇರಿದವು. ಐವರು ನ್ಯಾಯಮೂರ್ತಿಗಳು ಹತ್ತು ದಿನ ವಾದ ಕೇಳಿ 2023ರ ಅಕ್ಟೋಬರ್ 17ರಂದು ತೀರ್ಪು ಕೊಟ್ಟರು. ಮದುವೆ ಆಗೋದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ, ವಿಶೇಷ ವಿವಾಹ ಕಾಯ್ದೆಯನ್ನ ನಾವೇ ತಿದ್ದಿ ಓದೋಕೆ ಆಗಲ್ಲ, ಅದು ಶಾಸನಸಭೆಯ ಕೆಲಸ ಅನ್ನೋದಕ್ಕೆ ಐವರೂ ಒಪ್ಪಿದರು. ಮದುವೆ ಅನ್ನೋ ಹೆಸರಿಲ್ಲದಿದ್ದರೂ ಸಂಗಾತಿಗಳಾಗಿ ಬಾಳೋ ಇವರ ಸಂಬಂಧಕ್ಕೆ ಸರ್ಕಾರ ಮಾನ್ಯತೆ ಕೊಡಲೇಬೇಕು ಅಂತ ಇಬ್ಬರು ಬರೆದರು: ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಎಸ್.ಕೆ. ಕೌಲ್. ಉಳಿದ ಮೂವರು ಒಪ್ಪಲಿಲ್ಲ. ಹಾಗಾಗಿ 3–2ರಲ್ಲಿ ಅದು ಬಿದ್ದುಹೋಯಿತು. 2025ರ ಜನವರಿಯಲ್ಲಿ ಮರುಪರಿಶೀಲನೆ ಅರ್ಜಿಗಳೂ ವಜಾ ಆದವು.

ಸಂಸತ್ತು ಕಾನೂನು ಮಾಡಬಾರದು ಅಂತ ಐವರಲ್ಲಿ ಒಬ್ಬರೂ ಹೇಳಲಿಲ್ಲ. ಮಾಡೋದಾದರೆ ನೀವೇ ಮಾಡಿ ಅಂತ ಚೆಂಡನ್ನ ಸಂಸತ್ತಿನ ಅಂಗಳಕ್ಕೆ ಹಾಕಿದರು. ಅಂದರೆ ಪ್ರಶ್ನೆ ಮುಗಿದಿಲ್ಲ. ನಾವು ಓಟು ಹಾಕಿ ಕಳಿಸಿದವರ ಮುಂದೆ ಬಂದು ಕೂತಿದೆ. ಸರ್ಕಾರ ಕೋರ್ಟಿನಲ್ಲಿ ಕೇಳಿಕೊಂಡದ್ದೂ ಅದನ್ನೇ ತಾನೆ? ನಮಗೇ ಬಿಡಿ ಅಂದರು, ಕೋರ್ಟ್ ಬಿಟ್ಟಿತು. ಮಾಡಿದ್ದೇನು?

ಒಂದೇ ಪಡಿತರ ಚೀಟಿ, ಬೇರೆ ಬೇರೆ ವಂಶವೃಕ್ಷ

ಏನೂ ಮಾಡಿಲ್ಲ ಅಂದರೆ ಸುಳ್ಳಾಗುತ್ತೆ. ಕ್ಯಾಬಿನೆಟ್ ಕಾರ್ಯದರ್ಶಿ ಅಧ್ಯಕ್ಷತೆಯಲ್ಲಿ 2024ರ ಏಪ್ರಿಲ್‌ನಲ್ಲಿ ಒಂದು ಸಮಿತಿ ಆಯಿತು. ಅದಾದ ಮೇಲೆ ಕೆಲವು ಸೂಚನೆಗಳು ಬಂದವು. ಇಂಥ ಸಂಗಾತಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯೋದಕ್ಕೆ, ಒಬ್ಬರನ್ನೊಬ್ಬರು ನಾಮಿನಿ ಮಾಡೋದಕ್ಕೆ ಅಡ್ಡಿಯಿಲ್ಲ ಅಂತ 2024ರ ಆಗಸ್ಟ್ 28ರಂದು ಹಣಕಾಸು ಸಚಿವಾಲಯ ತಿಳಿಸಿತು. ಪಡಿತರ ಚೀಟಿಯಲ್ಲಿ ಇಬ್ಬರನ್ನೂ ಒಂದೇ ಮನೆಯವರು ಅಂತ ಪರಿಗಣಿಸಿ ಅಂತ ರಾಜ್ಯಗಳಿಗೆ ಹೇಳಿದರು. ಹತ್ತಿರದ ಸಂಬಂಧಿಕರು ಇಲ್ಲದಿದ್ದಾಗ ಶವವನ್ನ ಸಂಗಾತಿಗೆ ಕೊಡಬಹುದು ಅಂತ ಆರೋಗ್ಯ ಸಚಿವಾಲಯ ಬರೆಯಿತು.

ಇಷ್ಟು ಬಂದದ್ದು ಒಳ್ಳೆಯದೇ. ಆದರೆ ಇವು ಸುತ್ತೋಲೆಗಳು, ಕಾನೂನಲ್ಲ. ಇನ್ನು ನಾಮಿನಿ ವಿಷಯ ನಮ್ಮ ಹಳ್ಳಿಯವರಿಗೆ ಹೇಳಿಕೊಡಬೇಕಾ? ನಾಮಿನಿ ಅಂದರೆ ದುಡ್ಡಿನ ಮಾಲೀಕ ಅಲ್ಲ, ಈಸಿಕೊಂಡು ವಾರಸುದಾರರಿಗೆ ಒಪ್ಪಿಸೋನು. 1983ರಲ್ಲೇ ಸುಪ್ರೀಂ ಕೋರ್ಟ್ ಇದನ್ನ ಹೇಳಿದೆ. ವಾರಸುದಾರರು ಯಾರು? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪಟ್ಟಿಯಲ್ಲಿ ಮಗ, ಮಗಳು, ಹೆಂಡತಿ, ತಾಯಿ ಇದ್ದಾರೆ. ಮೂವತ್ತು ವರ್ಷ ಜೊತೆಗೆ ಬಾಳಿದ ಸಲಿಂಗ ಸಂಗಾತಿ ಎಲ್ಲೂ ಇಲ್ಲ.

ಬೀರೂರಿನ ಕಡೆಯ ಒಬ್ಬ ಮಗ ಕೆನಡಾದಲ್ಲಿದ್ದಾನೆ ಅಂತ ಇಟ್ಟುಕೊಳ್ಳಿ. ಅಲ್ಲಿ 2005ರಿಂದಲೇ ದೇಶಕ್ಕೆಲ್ಲ ಸಲಿಂಗ ಮದುವೆ ಕಾನೂನು. ಅವನು ಮದುವೆಯಾಗಿದ್ದಾನೆ. ಊರಲ್ಲಿ ಒಂದು ಮನೆ ತಗೊಂಡಿದ್ದಾನೆ. ಇಬ್ಬರೂ ದುಡಿದ ದುಡ್ಡೇ ಅದು. ವಿಲ್ ಬರೆಯದೆ ಅವನು ತೀರಿಕೊಂಡ ಅನ್ನಿ. ಪೌತಿ ಖಾತೆಗೆ ವಂಶವೃಕ್ಷ ಬೇಕು. ಆ ವಂಶವೃಕ್ಷದಲ್ಲಿ ಸಂಗಾತಿಗೆ ಜಾಗ ಇಲ್ಲ. ಹತ್ತು ವರ್ಷ ಮಾತೇ ಆಡದಿದ್ದ ದಾಯಾದಿಗಾದರೂ ಒಂದು ಕೊಂಬೆ ಸಿಗಬಹುದು. ಕೊನೆಗಾಲದಲ್ಲಿ ಅವನ ಬಾಯಿಗೆ ನೀರು ಬಿಟ್ಟವನಿಗೆ ಒಂದು ಎಲೆಯೂ ಸಿಗಲ್ಲ. ಒಂದೇ ಪಡಿತರ ಚೀಟಿಯ ಅಕ್ಕಿ ತಿನ್ನಬಹುದು, ಒಂದೇ ವಂಶವೃಕ್ಷದಲ್ಲಿ ಇರುವ ಹಾಗಿಲ್ಲ. ಇದು ಎಲ್ಲಿಯ ನ್ಯಾಯ?

ಬದುಕಿದ್ದಾಗಲೂ ಅಷ್ಟೇ. ಗಂಡ-ಹೆಂಡತಿ ಒಬ್ಬರಿಗೊಬ್ಬರು ಎಷ್ಟು ದುಡ್ಡು ಕೊಟ್ಟರೂ ಅದು ಉಡುಗೊರೆ ತೆರಿಗೆಯ ಲೆಕ್ಕಕ್ಕೆ ಬರಲ್ಲ. ಸಂಬಂಧಿಕರಲ್ಲದವರು ಕೊಟ್ಟದ್ದು ವರ್ಷಕ್ಕೆ 50,000 ರೂಪಾಯಿ ದಾಟಿದರೆ ಅದು ಆದಾಯ, ತೆರಿಗೆ ಕಟ್ಟಬೇಕು. ಸಲಿಂಗ ಸಂಗಾತಿ ಕಾನೂನಿನ ಕಣ್ಣಿಗೆ ಸಂಬಂಧಿಕರಲ್ಲ. ಇದನ್ನ ಪ್ರಶ್ನಿಸಿ ಒಂದು ಜೋಡಿ 2025ರಲ್ಲಿ ಬಾಂಬೆ ಹೈಕೋರ್ಟಿಗೆ ಹೋಗಿದೆ. ಅಂಗಾಂಗ ದಾನದ ಕಾಯ್ದೆಯೂ ಹಾಗೇ. ಗಂಡ ಹೆಂಡತಿಗೆ ಕಿಡ್ನಿ ಕೊಡೋದಾದರೆ ಆತ ಹತ್ತಿರದ ಸಂಬಂಧಿ. ಸಲಿಂಗ ಸಂಗಾತಿ ಕೊಡೋದಾದರೆ ಹೊರಗಿನವನು, ಸಮಿತಿಯ ಮುಂದೆ ನಿಂತು ಅನುಮತಿ ಕೇಳಬೇಕು.

‘ನಮಗ್ಯಾಕೆ ಬಿಡಿ’ ಅನ್ನೋರಿಗೆ

ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಇದು ನಮ್ಮೂರ ಬಾವಿಗೂ ಬಂದೇ ಬರುತ್ತೆ. ಎರಡು ದಾರಿಯಲ್ಲಿ ಬರುತ್ತೆ.

ಒಂದು, ವಯಸ್ಸಾದ ಅಪ್ಪ-ಅಮ್ಮ. ಮಗ ಊರಿಗೆ ವಾಪಸ್ ಬಂದು ತೋಟ ನೋಡಿಕೊಂಡು, ಅಮ್ಮನಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟುಕೊಂಡು ಇರಬೇಕು ಅಂತ ಎಲ್ಲ ಮನೆಗೂ ಆಸೆ. ಅವನ ಸಂಗಾತಿ ಬೇರೆ ದೇಶದ ಪ್ರಜೆ ಆಗಿದ್ದರೆ? ಭಾರತದ ಪ್ರಜೆಯನ್ನ ಮದುವೆಯಾದ ವಿದೇಶಿಯರು, ಮದುವೆ ನೋಂದಣಿಯಾಗಿ ಎರಡು ವರ್ಷ ಆಗಿದ್ದರೆ ಓಸಿಐ ಕಾರ್ಡ್ ಕೇಳಬಹುದು. ಅದಿದ್ದರೆ ಇಲ್ಲಿಗೆ ಬಂದು ಎಷ್ಟು ದಿನ ಬೇಕಾದರೂ ಇರಬಹುದು. ಪೌರತ್ವ ಕಾಯ್ದೆಯ ಆ ಕಲಂನಲ್ಲಿ ಸಂಗಾತಿ ಅಂತಷ್ಟೇ ಇದೆ, ಗಂಡೋ ಹೆಣ್ಣೋ ಅಂತಿಲ್ಲ. ಆದರೂ ಮದುವೆಯನ್ನೇ ಒಪ್ಪದಿದ್ದರೆ ಕಾರ್ಡ್ ಎಲ್ಲಿಂದ ಬರುತ್ತೆ? ಟೂರಿಸ್ಟ್ ವೀಸಾದಲ್ಲಿ ಬಂದು ಹೋಗಬೇಕು, ಪ್ರವಾಸಿಯ ಹಾಗೆ. ಆಗ ಮಗ ಏನು ಮಾಡ್ತಾನೆ? ಅಲ್ಲೇ ಉಳೀತಾನೆ. ಇಲ್ಲಿ ಅಮ್ಮ ಒಬ್ಬಳೇ ವಾಟ್ಸಾಪ್ ವಿಡಿಯೋ ನೋಡಿಕೊಂಡು ಕೂರ್ತಾಳೆ. ಮಕ್ಕಳು ಹೊರದೇಶಕ್ಕೆ ಹೋಗಿ ಮರೆತುಬಿಟ್ಟರು ಅಂತ ಜಗಲಿ ಮೇಲೆ ಕೂತು ಬೈತೀವಲ್ಲ, ಕೆಲವರ ದಾರಿಗೆ ಅಡ್ಡ ಬೇಲಿ ಹಾಕಿರೋದು ನಮ್ಮದೇ ಕಾನೂನು.

ಇನ್ನೊಂದು, ನಮ್ಮ ಹೆಣ್ಣುಮಕ್ಕಳು. ಇದನ್ನ ಹೆಣ್ಣು ಹೆತ್ತವರು ಗಮನ ಕೊಟ್ಟು ಓದಬೇಕು.

ಫಾರಿನ್ ಗಂಡು ಅಂದರೆ ನಮ್ಮ ಕಡೆ ಈಗಲೂ ಬೆಲೆ ಹೆಚ್ಚು. ಹದಿನೈದು ದಿನದ ರಜೆಯಲ್ಲಿ ಬರ್ತಾನೆ. ನೋಡೋ ಶಾಸ್ತ್ರ, ನಿಶ್ಚಿತಾರ್ಥ, ಛತ್ರ, ಎಲ್ಲ ಅಷ್ಟರಲ್ಲೇ ಮುಗಿದುಹೋಗುತ್ತೆ. ಆ ಗಂಡು ಅಲ್ಲಿ ಈಗಾಗಲೇ ಒಬ್ಬ ಗಂಡಸನ್ನ ಮದುವೆಯಾಗಿದ್ದರೆ? ಅಪ್ಪ ವಿಷ ಕುಡೀತೀನಿ ಅಂತ ಹೆದರಿಸಿದ್ದಕ್ಕೆ ಇಲ್ಲಿ ತಾಳಿ ಕಟ್ಟೋಕೆ ಕೂತಿದ್ದರೆ? ಅವನು ಅಲ್ಲಿ ಹೆಣ್ಣನ್ನ ಮದುವೆಯಾಗಿದ್ದರೆ ನಮ್ಮ ಹಿಂದೂ ವಿವಾಹ ಕಾಯ್ದೆಯ 5ನೇ ಕಲಂ ಅಡ್ಡ ಬರುತ್ತೆ. ಜೀವಂತ ಸಂಗಾತಿ ಇರೋವಾಗ ಎರಡನೇ ಮದುವೆ ಅಸಿಂಧು, ಅಪರಾಧವೂ ಹೌದು. ಆದರೆ ಗಂಡಸನ್ನ ಮದುವೆಯಾಗಿದ್ದರೆ? ನಮ್ಮ ಕಾನೂನಿನ ಕಣ್ಣಿಗೆ ಅದು ಮದುವೆಯೇ ಅಲ್ಲ. ಅವನು ಅವಿವಾಹಿತ. ನಮ್ಮ ಹುಡುಗಿ ಎರಡನೇ ಮದುವೆ ಅಂತ ಕೇಸ್ ಹಾಕೋಕೆ ಆಧಾರವೇ ಸಿಗಲ್ಲ. ‘ಇದಕ್ಕೆಲ್ಲ ಬೆಲೆ ಕೊಟ್ಟರೆ ಮದುವೆ ಅನ್ನೋ ವ್ಯವಸ್ಥೆಯೇ ಹಾಳಾಗುತ್ತೆ’ ಅಂತಾರಲ್ಲ, ಅವರು ಸ್ವಲ್ಪ ಯೋಚಿಸಲಿ. ಬೆಲೆ ಕೊಡದೇ ಇರೋ ಕಾನೂನು ಕಾಪಾಡ್ತಿರೋದು ಯಾವ ಮದುವೆಯನ್ನ? ಛತ್ರದ ಬಾಡಿಗೆಗೆ ಸಾಲ ಮಾಡಿದ ಅಪ್ಪನನ್ನ ಅಲ್ಲ. ಆರು ತಿಂಗಳಿಗೆ ಸೂಟ್‌ಕೇಸ್ ಹಿಡಿದು ತವರಿಗೆ ವಾಪಸ್ ಬರೋ ಹುಡುಗಿಯನ್ನಂತೂ ಅಲ್ಲವೇ ಅಲ್ಲ.

ಸುಳ್ಳು ಮದುವೆ ಮಾಡಿಸೋದು ಆ ಹುಡುಗ ಒಬ್ಬನೇ ಅಲ್ಲ. ‘ನಾಲ್ಕು ಜನ ಏನಂತಾರೆ’ ಅನ್ನೋ ನಮ್ಮ ಭಯವೂ ಮಾಡಿಸುತ್ತೆ. ಆ ಭಯಕ್ಕೆ ಕಾನೂನು ಗೊಬ್ಬರ ಹಾಕಬಾರದು. ನಿಜ ಹೇಳಿಕೊಂಡು ಬಾಳೋಕೆ ಒಂದು ದಾರಿ ಇದ್ದರೆ, ಸುಳ್ಳು ಹೇಳಿ ಇನ್ನೊಬ್ಬರ ಬಾಳು ಕೆಡಿಸೋರು ಕಡಿಮೆ ಆಗ್ತಾರೆ.

‘ನಮ್ಮ ಸಂಸ್ಕೃತಿಯಲ್ಲಿ ಇಲ್ಲ’

ಮದುವೆಯ ರೂಪ ನಮ್ಮಲ್ಲಿ ಯಾವತ್ತೂ ಒಂದೇ ಥರ ಇರಲಿಲ್ಲ. ಗಂಡ ಸತ್ತವಳು, ಗಂಡ ಬಿಟ್ಟವಳು ಇನ್ನೊಬ್ಬನ ಜೊತೆ ಬಾಳೋದಕ್ಕೆ ನಮ್ಮ ಎಷ್ಟೋ ಸಮುದಾಯಗಳಲ್ಲಿ ಕೂಡಾವಳಿ ಇತ್ತು, ಬಡಗಣ ಸೀಮೆಯಲ್ಲಿ ಉಡಿಕೆ ಇತ್ತು. ಧಾರೆ ಇಲ್ಲ, ದಿಬ್ಬಣ ಇಲ್ಲ. ಕುಲಸ್ಥರ ಮುಂದೆ ಒಂದು ಸೀರೆ, ನಾಲ್ಕು ಮಾತು, ಅಷ್ಟೇ. ದೊಡ್ಡ ಮದುವೆಯ ಮರ್ಯಾದೆ ಅದಕ್ಕೆ ಇರಲಿಲ್ಲ. ಆದರೆ ಇವರಿಬ್ಬರೂ ಒಂದು ಸಂಸಾರ ಅಂತ ಊರು ಒಪ್ಪಿತ್ತು. ಮದುವೆ ಅನ್ನೋ ಹೆಸರಿಲ್ಲದ, ಆದರೆ ಪುಸ್ತಕದಲ್ಲಿ ಬರೆದುಕೊಂಡ ಸಂಬಂಧ ಅಂತ ಬೇರೆ ದೇಶದವರು ಈಗ ಏನು ಮಾಡ್ತಿದ್ದಾರೋ, ಅದಕ್ಕೆ ಹತ್ತಿರದ್ದನ್ನ ನಮ್ಮ ಅಜ್ಜಿಯರು ಪುಸ್ತಕ ಇಲ್ಲದೇ ಮಾಡಿದ್ದರು. ಶಾಸ್ತ್ರಕ್ಕಿಂತ ಬಾಳುವೆ ದೊಡ್ಡದು ಅನ್ನೋ ವಿವೇಕ ಅದರಲ್ಲಿತ್ತು.

1894ರಲ್ಲಿ ಮೈಸೂರು ಸಂಸ್ಥಾನ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ನಿಷೇಧಿಸಿತು. ಧರ್ಮಕ್ಕೆ ಕೈ ಹಾಕಿದರು ಅಂತ ಆಗಲೂ ಕೂಗಿದವರಿದ್ದರು. ಈಗ ಎಂಟು ವರ್ಷದ ಮಗುವಿಗೆ ತಾಳಿ ಕಟ್ಟೋದು ನಮ್ಮ ಸಂಸ್ಕೃತಿ ಅಂತ ಯಾರಾದರೂ ಹೇಳ್ತಾರಾ? 1966ರಲ್ಲಿ ನಮ್ಮದೇ ಜಿಲ್ಲೆಯ ಮೂಡಿಗೆರೆ ಕಡೆ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನ ಕುವೆಂಪು ಮಂತ್ರ ಮಾಂಗಲ್ಯದ ರೀತಿಯಲ್ಲಿ ಮಾಡಿಸಿದರು. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ. ಆಗ ವಿಚಿತ್ರ ಅನ್ನಿಸಿದ್ದು ಈಗ ಹೆಮ್ಮೆಯ ವಿಷಯ.

ಇನ್ನು ಸಲಿಂಗ ಸಂಬಂಧವನ್ನ ಅಪರಾಧ ಮಾಡಿದ್ದು ಯಾರು? 1860ರಲ್ಲಿ ಬ್ರಿಟಿಷರು ತಂದ ದಂಡಸಂಹಿತೆಯ 377ನೇ ಕಲಂ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಆ ಭಾಗವನ್ನ ತೆಗೆದುಹಾಕಿತು. ಪರದೇಶದವರು ಬಿಟ್ಟುಹೋದ ನಾಚಿಕೆಯನ್ನ ನಮ್ಮದೇ ಸಂಸ್ಕೃತಿ ಅಂತ ತಬ್ಬಿಕೊಂಡು ಕೂರೋದು ಬೇಕಾ?

ಸಂಚಾರಿ ವಿಜಯ್ ನಮ್ಮ ಕಡೂರು ತಾಲ್ಲೂಕಿನ ಪಂಚನಹಳ್ಳಿ ಕಡೆಯವರು. ‘ನಾನು ಅವನಲ್ಲ ಅವಳು’ ಸಿನಿಮಾದಲ್ಲಿ ಒಬ್ಬ ಟ್ರಾನ್ಸ್ ಮಹಿಳೆಯ ಪಾತ್ರ ಮಾಡಿ 2015ರಲ್ಲಿ ರಾಷ್ಟ್ರಪ್ರಶಸ್ತಿ ತಂದರು. ನಮ್ಮ ಹುಡುಗ ಅಂತ ಎದೆ ಉಬ್ಬಿಸಿದೆವು. 2021ರ ಜೂನ್‌ನಲ್ಲಿ ಅಪಘಾತದಲ್ಲಿ ಹೋದಾಗ ತಾಲ್ಲೂಕೇ ಅತ್ತಿತು. ಟ್ರಾನ್ಸ್ ಮಹಿಳೆ ಬೇರೆ, ಸಲಿಂಗಿ ಬೇರೆ, ನಿಜ. ಟ್ರಾನ್ಸ್ ಮಹಿಳೆ ಗಂಡಸನ್ನ ಮದುವೆಯಾಗೋದಕ್ಕೆ ಈಗಿರೋ ಕಾನೂನಿನಲ್ಲೇ ಅವಕಾಶ ಇದೆ ಅಂತ 2023ರ ಅದೇ ತೀರ್ಪಿನಲ್ಲಿ ಐವರೂ ಒಪ್ಪಿದ್ದಾರೆ. ಆದರೆ ಪ್ರಶ್ನೆ ಒಂದೇ. ಪರದೆ ಮೇಲೆ ಒಂದು ಜೀವ ನಾನು ಇರೋದೇ ಹೀಗೆ ಅಂದಾಗ ಕಣ್ಣೀರು ಹಾಕಿದ ನಾವು, ಪಕ್ಕದ ಮನೆಯಲ್ಲಿ ಅದೇ ಮಾತು ಬಂದರೆ ಬಾಗಿಲು ಹಾಕಿಕೊಳ್ಳಬೇಕಾ?

ಬೇರೆಯವರು ಹೇಗೆ ಮಾಡಿದರು

‘ಇಲ್ಲೇ ಅವಕಾಶ ಇಲ್ಲದ್ದನ್ನ ಅಲ್ಲಿ ಆಗಿದ್ದಕ್ಕೆ ಹೇಗೆ ಕೊಡೋದು?’ ಇದು ನ್ಯಾಯವಾದ ಪ್ರಶ್ನೆ. ಉತ್ತರ ಇದೆ.

ಇಸ್ರೇಲ್‌ನಲ್ಲಿ ಮದುವೆ ಮಾಡಿಸೋದು ಧಾರ್ಮಿಕ ಸಂಸ್ಥೆಗಳು, ಅಲ್ಲಿ ಸಲಿಂಗ ಮದುವೆ ಆಗಲ್ಲ. ಆದರೆ ಹೊರದೇಶದಲ್ಲಿ ಆಗಿದ್ದರೆ ನೋಂದಣಿ ಮಾಡಿಕೊಳ್ಳಿ ಅಂತ 2006ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ರೊಮೇನಿಯಾದಲ್ಲೂ ಸಲಿಂಗ ಮದುವೆ ಇಲ್ಲ. ಬೆಲ್ಜಿಯಂನಲ್ಲಿ ಮದುವೆಯಾದ ತನ್ನ ಪ್ರಜೆಯ ಗಂಡನಿಗೆ ವಾಸದ ಹಕ್ಕು ಕೊಡಬೇಕು ಅಂತ 2018ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. ಜರ್ಮನಿಯಲ್ಲಿ ಆದ ಇಂಥ ಮದುವೆಯನ್ನ ಪೋಲೆಂಡ್ ಒಪ್ಪಲೇಬೇಕು ಅಂತ 2025ರ ನವೆಂಬರ್‌ನಲ್ಲಿ ಅದೇ ನ್ಯಾಯಾಲಯ ತೀರ್ಪು ಕೊಟ್ಟಿತು. ನೀವು ಯಾರಿಗೂ ಮದುವೆ ಮಾಡಿಸಬೇಕಿಲ್ಲ, ಆಗಿರೋ ಮದುವೆಯ ಕಾಗದ ಓದಿದರೆ ಸಾಕು ಅನ್ನೋದು ಈ ತೀರ್ಪುಗಳ ಸಾರ.

ಯುರೋಪು ದೂರ ಆಯಿತು ಅಂದರೆ ಪಕ್ಕದ ನೇಪಾಳ ನೋಡಿ. ಜರ್ಮನಿಯಲ್ಲಿ ಮದುವೆಯಾದ ತನ್ನ ಪ್ರಜೆಯ ಜರ್ಮನ್ ಗಂಡನಿಗೆ ಸಂಗಾತಿ ವೀಸಾ ಕೊಡಿ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಆದೇಶ ಮಾಡಿತು. ಇಂಥ ಮದುವೆಗಳನ್ನ ತಾತ್ಕಾಲಿಕವಾಗಿ ದಾಖಲಿಸಿಕೊಳ್ಳಿ ಅಂತ 2023ರ ಜೂನ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಅದೇ ವರ್ಷ ನವೆಂಬರ್ 29ರಂದು ಮೊದಲ ನೋಂದಣಿ ಆಯಿತು. ಎಲ್ಲಿ ಗೊತ್ತಾ? ರಾಜಧಾನಿ ಕಠ್ಮಂಡುವಿನಲ್ಲಿ ಅಲ್ಲ. ಲಮ್ಜುಂಗ್ ಜಿಲ್ಲೆಯ ದೊರ್ಡಿ ಅನ್ನೋ ಗ್ರಾಮೀಣ ಪಾಲಿಕೆಯಲ್ಲಿ. ಕಠ್ಮಂಡುವಿನ ಜಿಲ್ಲಾ ನ್ಯಾಯಾಲಯ ಆಗಲ್ಲ ಅಂದದ್ದನ್ನ ಹಳ್ಳಿಯ ಆಫೀಸು ಮಾಡಿಕೊಟ್ಟಿತು. ಹಳ್ಳಿಯವರು ಒಪ್ಪಲ್ಲ ಅನ್ನೋರು ಇದನ್ನ ಎರಡು ಸಲ ಓದಲಿ.

‘ಪಾಸ್‌ಪೋರ್ಟ್ ಇರೋ ಶ್ರೀಮಂತರಿಗೆ ಮೊದಲು, ಊರಲ್ಲಿರೋ ಬಡವರಿಗೆ ಆಮೇಲಾ?’ ಅಂತ ನೀವು ಕೇಳಬಹುದು. ಅದೂ ಸರಿ. ಕೂಲಿಗೆ ಹೋಗೋ ಇಬ್ಬರು ಹೆಣ್ಣುಮಕ್ಕಳು ಒಂದೇ ಸೂರಿನಡಿ ಬಾಳ್ತಿದ್ದರೆ ಅವರ ಹಕ್ಕು ಯಾವ ರೀತಿಯಲ್ಲೂ ಕಡಿಮೆ ಅಲ್ಲ. ಮದುವೆಯೊಂದೇ ಸಂಸಾರದ ದಾರಿ ಅಲ್ಲ, ತಾವೇ ಆರಿಸಿಕೊಂಡ ಕುಟುಂಬವೂ ಕುಟುಂಬವೇ ಅಂತ 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದ್ದು ಇಂಥ ಇಬ್ಬರು ಹೆಣ್ಣುಮಕ್ಕಳ ಪ್ರಕರಣದಲ್ಲೇ. ಹಾಗಾಗಿ ನಾವು ಎರಡನ್ನೂ ಕೇಳ್ತೀವಿ. ಹೊರಗೆ ಆದ ಮದುವೆಯ ಕಾಗದ ಈಗಾಗಲೇ ಸಿದ್ಧ ಇದೆ, ಸರ್ಕಾರ ಹೊಸದಾಗಿ ಏನೂ ಕಟ್ಟಬೇಕಿಲ್ಲ. ಅದನ್ನೂ ಮಾಡದವರು ಇದನ್ನ ಮಾಡ್ತಾರೆ ಅಂತ ನಂಬೋದು ಹೇಗೆ?

ನಮ್ಮ ಬೇಡಿಕೆ

ಒಂದು: 1969ರ ವಿದೇಶಿ ವಿವಾಹ ಕಾಯ್ದೆಯಲ್ಲಿ ವರ, ವಧು ಅಂತ ಇರೋ ಕಡೆ ಇಬ್ಬರು ವಯಸ್ಕರು ಅಂತ ತಿದ್ದಿ. ಯಾವ ದೇಶದ ಕಾನೂನು ಒಪ್ಪಿದೆಯೋ ಅಲ್ಲಿ ಆದ ಮದುವೆಯನ್ನ ನಮ್ಮ ಕಚೇರಿ ನೋಂದಾಯಿಸಲಿ. ಗಲ್ಫ್ ದೇಶಗಳಂಥ ಕಡೆ ಇದು ಅಪರಾಧ. ಅಲ್ಲಿನ ಕಾನೂನಿಗೆ ವಿರುದ್ಧವಾದ ಮದುವೆಯನ್ನ ನಮ್ಮ ಅಧಿಕಾರಿ ನಿರಾಕರಿಸಬಹುದು ಅಂತ ಈ ಕಾಯ್ದೆಯಲ್ಲೇ ಇದೆ. ಹಾಗಾಗಿ ಯಾವ ದೇಶದ ಜೊತೆಗೂ ಜಗಳ ಬರಲ್ಲ.

ಎರಡು: ಅಲ್ಲಿಯವರೆಗೆ, ಹೊರದೇಶದಲ್ಲಿ ಮದುವೆಯಾದ ಅಥವಾ ಸಂಗಾತಿತನ ನೋಂದಾಯಿಸಿದ ಪ್ರಜೆಗಳ ಹೆಸರು ಬರೆದುಕೊಳ್ಳೋಕೆ ರಾಯಭಾರ ಕಚೇರಿಯಲ್ಲಿ ಒಂದು ಪುಸ್ತಕ ಇಡಿ. ಅದರ ಆಧಾರದಲ್ಲಿ ಸಂಗಾತಿಗೆ ವೀಸಾ ಮತ್ತು ಓಸಿಐ ಕೊಡಿ.

ಮೂರು: ದೇಶದೊಳಗೆ ಇರೋರಿಗೂ ಸಂಗಾತಿ ನೋಂದಣಿಯ ಕಾನೂನು ತನ್ನಿ. ಆಸ್ಪತ್ರೆ, ಪಿಂಚಣಿ, ಆಸ್ತಿ, ಶವಸಂಸ್ಕಾರದಲ್ಲಿ ಅವರನ್ನ ಮನೆಯವರು ಅಂತ ಒಪ್ಪಿಕೊಳ್ಳಿ. ಮದುವೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಅಂದರೆ ಬೆಂಗಳೂರಿನ ಸರ್ಕಾರ ದೆಹಲಿ ಕಡೆ ಬೆರಳು ತೋರಿಸಿ ಸುಮ್ಮನಿರೋ ಹಾಗಿಲ್ಲ.

ಬೀರೂರು, ಕಡೂರಿನವರ ಓಟು ಹಾಸನ ಲೋಕಸಭಾ ಕ್ಷೇತ್ರಕ್ಕೆ ಹೋಗುತ್ತೆ. ತರೀಕೆರೆ, ಅಜ್ಜಂಪುರದವರದ್ದು ಉಡುಪಿ–ಚಿಕ್ಕಮಗಳೂರಿಗೆ. ಅಂದರೆ ನಮ್ಮ ಈ ಸಣ್ಣ ಸೀಮೆಯಿಂದ ಇಬ್ಬರು ಸಂಸದರು. ಮುಂದಿನ ಸಲ ಅವರು ಊರಿಗೆ ಬಂದಾಗ ಸಮುದಾಯ ಭವನ ಕೇಳಿ, ರಸ್ತೆ ಕೇಳಿ, ಜೊತೆಗೆ ಇದನ್ನೂ ಕೇಳಿ: ‘ಹಳ್ಳಿಯವರು ಒಪ್ಪಲ್ಲ ಅಂತ ನಮ್ಮ ಹೆಸರಲ್ಲಿ ಕೋರ್ಟಿಗೆ ಬರೆದುಕೊಟ್ಟರಲ್ಲ ಸ್ವಾಮಿ, ನಮ್ಮನ್ನ ಯಾವತ್ತು ಕೇಳಿದಿರಿ?’

ಅವರು ಏನು ಉತ್ತರ ಕೊಟ್ಟರು ಅಂತ ನಮಗೆ ಬರೆದು ಕಳಿಸಿ. ಹೆಸರು ಹಾಕಬೇಡಿ ಅಂದರೆ ಹಾಕಲ್ಲ. ಉತ್ತರ ಮಾತ್ರ ಅಕ್ಷರ ಬಿಡದೆ ಹಾಕ್ತೀವಿ.